ಮುಟ್ಟು ನಿಂತ ಮೇಲಿನ ಉರಿ, ಒಣಗುವಿಕೆ: ಎಲ್ಲವೂ ‘ಉಷ್ಣ’ವಲ್ಲ

ಬೆಂಗಳೂರು: ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸೇರುವ ಗೊರಗುಂಟೆಪಾಳ್ಯದಲ್ಲಿ ಸಂಜೆ ಕಾರ್ಖಾನೆಗಳು ಬಿಡುವ ಹೊತ್ತಿಗೆ ಎಲ್ಲೆಲ್ಲೂ ಮಹಿಳೆಯರೇ ಕಾಣಿಸುತ್ತಾರೆ. ಪೀಣ್ಯ, ಯಶವಂತಪುರ ಸುತ್ತಲಿನ ಸಿದ್ಧ ಉಡುಪು ಕಾರ್ಖಾನೆಗಳಿಂದ ಹೊರಬರುವ ಇವರಲ್ಲಿ ನಲವತ್ತೈದು ದಾಟಿದವರೂ ಇದ್ದಾರೆ. ಬಸ್ಸಿಗೆ ಕಾಯುವ ನಡುವೆ ಔಷಧದ ಅಂಗಡಿಗೆ ಹೋಗಿ ‘ಉರಿಮೂತ್ರಕ್ಕೆ ಒಂದು ಮಾತ್ರೆ ಕೊಡಿ’ ಎಂದು ಕೇಳುವುದು ಈ ಭಾಗದಲ್ಲಷ್ಟೇ ಅಲ್ಲ, ನಗರದ ಎಲ್ಲೆಡೆ ನಡೆಯುವ ವ್ಯವಹಾರ. ನಾಲ್ಕು ದಿನ ಹಗುರವೆನಿಸುತ್ತದೆ. ತಿಂಗಳು ಕಳೆಯುವುದರೊಳಗೆ ಮತ್ತದೇ ಉರಿ. ಮನೆಯಲ್ಲಿ ಹೇಳಿಕೊಂಡರೆ ‘ಮೈಗೆ ಉಷ್ಣ ಏರಿದೆ, ಮಜ್ಜಿಗೆ ಕುಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಋತುಬಂಧವಾದ ಮಹಿಳೆಯಲ್ಲಿ ಹೀಗೆ ಮರುಕಳಿಸುವ ಉರಿ, ತುರಿಕೆ, ಒಣಗಿದ ಅನುಭವಗಳಿಗೆ ಅನೇಕ ವೇಳೆ ಉಷ್ಣವೂ ಕಾರಣವಲ್ಲ, ಸೋಂಕೂ ಕಾರಣವಲ್ಲ. ಈಸ್ಟ್ರೋಜನ್ ಹಾರ್ಮೋನು ಇಳಿದಾಗ ಯೋನಿ ಹಾಗೂ ಮೂತ್ರನಾಳದ ಒಳಪೊರೆಯಲ್ಲಿ ಆಗುವ ಬದಲಾವಣೆಯೇ ಇದರ ಮೂಲ. ಋತುಬಂಧ ದಾಟಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಇದು ಒಂದಲ್ಲ ಒಂದು ಪ್ರಮಾಣದಲ್ಲಿ ಕಾಡುತ್ತದೆ. ಚಿಕಿತ್ಸೆ ಇದೆ, ಅದು ಕಷ್ಟದ್ದೂ ಅಲ್ಲ. ಆದರೂ ವೈದ್ಯರ ಮುಂದೆ ಬಾಯಿಬಿಟ್ಟು ಹೇಳುವವರು ಕಡಿಮೆ. ಕೇಳುವ ವೈದ್ಯರೂ ಹೆಚ್ಚಿಲ್ಲ.

ಏಕೆ ಹೀಗಾಗುತ್ತದೆ?

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಅದನ್ನು ಋತುಬಂಧ ಎನ್ನಲಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು 51ರ ಆಸುಪಾಸು. ಭಾರತೀಯ ಮಹಿಳೆಯರಲ್ಲಿ 46–47. ಅಂದರೆ ನಮ್ಮ ಮಹಿಳೆಯರು ನಾಲ್ಕೈದು ವರ್ಷ ಮೊದಲೇ ಈ ಹಂತಕ್ಕೆ ಬರುತ್ತಾರೆ. ನಗರದ ನಾಗರಭಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಟಿ.ಎಸ್. ಶ್ಯಾಮಲಾ ಅವರು ಎಂ. ಶಿವಕಾಮಿ ಅವರೊಂದಿಗೆ 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಅಂಶಗಳನ್ನು ಆಧರಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವು, ನಲವತ್ತು ತುಂಬುವ ಮೊದಲೇ ಮುಟ್ಟು ನಿಂತವರೂ ದೇಶದಲ್ಲಿ ಗಣನೀಯವಾಗಿದ್ದಾರೆ ಎಂಬುದರತ್ತ ಗಮನ ಸೆಳೆದಿತ್ತು. ಗರ್ಭಕೋಶದ ಜತೆಗೆ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಿಗಂತೂ ಋತುಬಂಧ ಒಂದೇ ದಿನದಲ್ಲಿ ಬಂದೆರಗುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಮಹಿಳೆಯರಿಗೂ ಅನಗತ್ಯವಾಗಿ ಗರ್ಭಕೋಶದ ಶಸ್ತ್ರಚಿಕಿತ್ಸೆ ನಡೆಸಲಾಗಿದೆ ಎಂಬ ಆರೋಪ 2015ರ ಸುಮಾರಿಗೆ ರಾಜ್ಯವನ್ನೇ ಬೆಚ್ಚಿಬೀಳಿಸಿತ್ತು. ಅಂಥ ಮಹಿಳೆಯರಿಗೆ ಮುಂದೇನಾಗುತ್ತದೆ ಎಂಬ ಪ್ರಶ್ನೆಗೆ ಈ ಲೇಖನದ ವಿಷಯವೂ ಒಂದು ಉತ್ತರ.

ಈಸ್ಟ್ರೋಜನ್ ಸಾಕಷ್ಟಿರುವಾಗ ಯೋನಿಯ ಒಳಪೊರೆ ದಪ್ಪವಾಗಿಯೂ ಮಡಿಕೆ ಮಡಿಕೆಯಾಗಿಯೂ ಇರುತ್ತದೆ, ರಕ್ತಸಂಚಾರ ಚೆನ್ನಾಗಿರುತ್ತದೆ. ಪೊರೆಯ ಕೋಶಗಳಲ್ಲಿರುವ ಗ್ಲೈಕೋಜನ್ ಎಂಬ ಸಕ್ಕರೆಯಂಶವನ್ನು ಆಶ್ರಯಿಸಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವು ಹುಟ್ಟಿಸುವ ಆಮ್ಲ ಹಾನಿಕಾರಕ ಜೀವಿಗಳನ್ನು ದೂರವಿಡುತ್ತದೆ. ಹಾಲಿಗೆ ಹೆಪ್ಪು ಹಾಕಿದಾಗ ಅದನ್ನು ಮೊಸರಾಗಿಸುವ ಜೀವಿಗಳೂ ಇದೇ ಬಳಗದ ಬಂಧುಗಳು. ಈಸ್ಟ್ರೋಜನ್ ಇಳಿದರೆ ಪೊರೆ ತೆಳುವಾಗಿ, ಪೆಡಸಾಗಿ, ತೇವ ಕಡಿಮೆಯಾಗುತ್ತದೆ. ಆಮ್ಲೀಯತೆ ಕುಂದುತ್ತದೆ. ಮೂತ್ರನಾಳ ಮತ್ತು ಮೂತ್ರಕೋಶದ ಬುಡಕ್ಕೂ ಇದೇ ಹಾರ್ಮೋನಿನ ಆಸರೆ ಇರುವುದರಿಂದ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ತಡೆಯಲಾಗದಿರುವುದು, ಉರಿಯಾಗುವುದು ಜತೆಗೂಡುತ್ತವೆ. ಹೀಗಾಗಿಯೇ ವೈದ್ಯಕೀಯ ಸಂಘಟನೆಗಳು 2014ರಲ್ಲಿ ‘ಯೋನಿಯ ಕ್ಷಯ’ ಎಂಬರ್ಥದ ಹಳೆಯ ಹೆಸರನ್ನು ಬಿಟ್ಟು, ಜನನಾಂಗ ಮತ್ತು ಮೂತ್ರಾಂಗ ಎರಡನ್ನೂ ಒಳಗೊಂಡ ‘ಋತುಬಂಧದ ಜನನ–ಮೂತ್ರಾಂಗ ಲಕ್ಷಣಕೂಟ’ ಎಂಬ ಹೆಸರನ್ನು ಒಪ್ಪಿಕೊಂಡವು.

ಮೈ ಬಿಸಿಯೇರಿ ಬೆವರುವ ತೊಂದರೆ ಕೆಲವು ವರ್ಷಗಳಲ್ಲಿ ತಾನಾಗಿ ತಗ್ಗುವುದುಂಟು. ಒಣಗುವಿಕೆ ಹಾಗಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ ವರ್ಷ ಕಳೆದಂತೆ ಸಾಮಾನ್ಯವಾಗಿ ಹೆಚ್ಚುತ್ತದೆ. ‘ವಯಸ್ಸಾಯಿತು, ಸಹಿಸಿಕೊಳ್ಳಬೇಕು’ ಎಂಬ ಹಿರಿಯರ ಮಾತು ಈ ವಿಷಯದಲ್ಲಿ ಕೆಟ್ಟ ಸಲಹೆ.

ಇದು ಕೇವಲ ದಾಂಪತ್ಯದ ಸಮಸ್ಯೆ ಎಂಬ ತಿಳಿವಳಿಕೆಯೂ ಅರ್ಧ ಸತ್ಯ. ಲೈಂಗಿಕ ಕ್ರಿಯೆಯ ವೇಳೆ ನೋವು, ನಂತರ ಸಣ್ಣ ಬಿರುಕು, ರಕ್ತದ ಕಲೆ ಕಾಣುವುದು ನಿಜ; ನೋವಿಗೆ ಹೆದರಿ ಹೆಂಡತಿ ದೂರ ಸರಿದಾಗ ಗಂಡ ಅದನ್ನು ಬೇಸರವೆಂದು ಭಾವಿಸುವುದೂ ಇದೆ. ಆದರೆ ವಿಧವೆಯರು, ಒಂಟಿ ಮಹಿಳೆಯರು ಕೂಡ ಕೂರಲು, ನಡೆಯಲು, ಒಳಉಡುಪು ತಾಗಿದರೂ ಕಷ್ಟಪಡುತ್ತಾರೆ. ಹೊಲಿಗೆ ಯಂತ್ರದ ಮುಂದೆ ದಿನವಿಡೀ ಸ್ಟೂಲಿನ ಮೇಲೆ ಕೂತು, ಟಾರ್ಗೆಟ್ ಮುಗಿಯುವವರೆಗೆ ಮೂತ್ರ ತಡೆದು, ಶೌಚಾಲಯಕ್ಕೆ ಏಳಬಾರದೆಂದು ನೀರನ್ನೇ ಕಡಿಮೆ ಕುಡಿಯುವ ಕಾರ್ಮಿಕ ಮಹಿಳೆಗೆ ಈ ತೊಂದರೆ ದುಪ್ಪಟ್ಟು. ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿದ ವೇತನಸಹಿತ ಋತುಚಕ್ರ ರಜೆಯ ನೀತಿ ಮುಟ್ಟಿನ ದಿನಗಳಿಗೆ ಸಂಬಂಧಿಸಿದ್ದು; ಮುಟ್ಟು ನಿಂತ ಮೇಲಿನ ಸಂಕಟ ಅದರ ವ್ಯಾಪ್ತಿಯಲ್ಲಿಲ್ಲ.

ಸೋಂಕೆಂದು ತಪ್ಪು ತಿಳಿದರೆ

ಉರಿಯೆಂದೊಡನೆ ಆ್ಯಂಟಿಬಯೋಟಿಕ್, ತುರಿಕೆಯೆಂದೊಡನೆ ಶಿಲೀಂಧ್ರನಾಶಕ ಮುಲಾಮು. ಅಂಗಡಿಯಲ್ಲಿ ಕೇಳಿ ಪಡೆಯುವ ಈ ಎರಡು ಔಷಧಗಳು ಮೂಲ ಕಾರಣವನ್ನು ಮುಟ್ಟುವುದೇ ಇಲ್ಲ. ಮೂತ್ರ ಪರೀಕ್ಷೆ, ಅಗತ್ಯವಿದ್ದರೆ ಕಲ್ಚರ್ ಪರೀಕ್ಷೆ ಮಾಡಿಸಿದಾಗ ಸೋಂಕಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಸೋಂಕೇ ಪದೇ ಪದೇ ಬರುತ್ತಿದ್ದರೂ ಒಳಪೊರೆಯ ದುರ್ಬಲತೆಯತ್ತ ನೋಡಬೇಕು. ಮೂತ್ರನಾಳದ ಸೋಂಕು ಮರುಕಳಿಸುತ್ತಿದ್ದ ಋತುಬಂಧಿತ ಮಹಿಳೆಯರ ಬಗ್ಗೆ 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯೋನಿಗೆ ಈಸ್ಟ್ರಿಯಾಲ್ ಕ್ರೀಮ್ ಬಳಸಿದವರಿಗೆ ವರ್ಷಕ್ಕೆ ಸರಾಸರಿ 0.5 ಬಾರಿ ಸೋಂಕು ತಗುಲಿದರೆ, ಔಷಧರಹಿತ ಕ್ರೀಮ್ ಬಳಸಿದವರಿಗೆ 5.9 ಬಾರಿ ತಗುಲಿತ್ತು.

ಮಧುಮೇಹಿಗಳ ವಿಷಯ ಸ್ವಲ್ಪ ಬೇರೆ. ಋತುಬಂಧದ ನಂತರ ಶಿಲೀಂಧ್ರ ಸೋಂಕು ಸಾಮಾನ್ಯವಾಗಿ ಕಡಿಮೆ. ಆದರೂ ಮೊಸರಿನಂಥ ಬಿಳಿ ಸ್ರಾವ, ತೀವ್ರ ತುರಿಕೆ ಇದ್ದರೆ ರಕ್ತದ ಸಕ್ಕರೆ ನೋಡಬೇಕು. ಈಚಿನ ವರ್ಷಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುತ್ತವೆ. ಜನನಾಂಗದ ಶಿಲೀಂಧ್ರ ಸೋಂಕು ಇವುಗಳ ಗೊತ್ತಿರುವ ಅಡ್ಡಪರಿಣಾಮ. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಕೊಟ್ಟ ವೈದ್ಯರಿಗೆ ತಿಳಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ರಕ್ತಸ್ರಾವ. ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಒಂದು ಕಲೆ ಕಂಡರೂ ಅದನ್ನು ‘ಒಣಗಿದ್ದರಿಂದ ಬಂತು’ ಎಂದು ಬಿಡುವಂತಿಲ್ಲ. ಹಲವು ಬಾರಿ ಕಾರಣ ಅಷ್ಟೇ ಆಗಿರಬಹುದು; ಗರ್ಭಕೋಶದ ಅಥವಾ ಗರ್ಭಕೊರಳಿನ ಕ್ಯಾನ್ಸರ್‌ನ ಮೊದಲ ಸೂಚನೆಯೂ ಆಗಿರಬಹುದು. ಸ್ಕ್ಯಾನಿಂಗ್ ಮತ್ತು ಪರೀಕ್ಷೆ ಆಗಲೇಬೇಕು.

ಮನೆಮದ್ದಿನ ಮಿತಿ

ಮಜ್ಜಿಗೆ, ಎಳನೀರು, ಬಾರ್ಲಿ ನೀರಿನಿಂದ ಹಾನಿಯಿಲ್ಲ. ನೀರಿನಂಶ ಹೆಚ್ಚಿದರೆ ಮೂತ್ರದ ಉರಿ ಕೊಂಚ ತಗ್ಗೀತು, ಒಳಪೊರೆಯಂತೂ ಮೊದಲಿನಂತಾಗುವುದಿಲ್ಲ. ಹಾನಿಯಾಗುವುದು ತೊಳೆಯುವ ಮದ್ದುಗಳಿಂದ. ಪಟಿಕದ ನೀರು, ಬೇವಿನ ಕಷಾಯ, ಕ್ರಿಮಿನಾಶಕ ದ್ರವ, ಪರಿಮಳದ ಸೋಪು, ಜಾಹೀರಾತಿನಲ್ಲಿ ಬರುವ ‘ಇಂಟಿಮೇಟ್ ವಾಶ್’ ಇವೆಲ್ಲ ಈಗಾಗಲೇ ತೆಳುವಾದ ಪೊರೆಯನ್ನು ಮತ್ತಷ್ಟು ಒಣಗಿಸುತ್ತವೆ. ಪಟಿಕದ ಗುಣವೇ ಬಿಗಿದು ಒಣಗಿಸುವುದು. ಹೊರಭಾಗವನ್ನು ಬರಿಯ ನೀರಿನಿಂದ ತೊಳೆದರೆ ಸಾಕು, ಒಳಗೆ ಏನನ್ನೂ ಹಾಕಿ ತೊಳೆಯಬಾರದು. ಸಡಿಲವಾದ ಹತ್ತಿಯ ಒಳಉಡುಪು ಉತ್ತಮ. ಮೂತ್ರ ಸೋರುತ್ತದೆಂದು ಪ್ಯಾಡನ್ನು ದಿನವಿಡೀ ಇಟ್ಟುಕೊಳ್ಳುವುದೂ ಚರ್ಮವನ್ನು ಕೆಣಕುತ್ತದೆ.

ಹಾರ್ಮೋನು ಬೇಡವೆನ್ನುವವರಿಗೆ ಎರಡು ಬಗೆಯ ಉತ್ಪನ್ನಗಳಿದ್ದು, ಇವುಗಳ ವ್ಯತ್ಯಾಸ ಅನೇಕರಿಗೆ ಗೊತ್ತಿಲ್ಲ. ಲೂಬ್ರಿಕೆಂಟ್ ಜೆಲ್ ಲೈಂಗಿಕ ಕ್ರಿಯೆಯ ವೇಳೆಗಷ್ಟೇ; ಘರ್ಷಣೆ ಕಡಿಮೆ ಮಾಡುತ್ತದೆ. ಯೋನಿಯ ಮಾಯಿಶ್ಚರೈಸರ್ ವಾರಕ್ಕೆ ಎರಡು ಮೂರು ಬಾರಿ, ದಾಂಪತ್ಯಕ್ಕೆ ಸಂಬಂಧವಿಲ್ಲದೆ, ಮುಖಕ್ಕೆ ಕ್ರೀಮ್ ಹಚ್ಚಿದಷ್ಟೇ ನಿಯಮಿತವಾಗಿ ಬಳಸುವಂಥದ್ದು; ಹಯಲುರಾನಿಕ್ ಆಮ್ಲವಿರುವ ಜೆಲ್‌ಗಳು ಈ ವರ್ಗಕ್ಕೆ ಸೇರಿದವು. ಪರಿಮಳ, ‘ಬಿಸಿ’ ಅನುಭವ ಕೊಡುವ ಜೆಲ್‌ಗಳಿಂದ ಉರಿ ಹೆಚ್ಚಬಹುದು. ಕೊಬ್ಬರಿ ಎಣ್ಣೆ ಹೊರಭಾಗಕ್ಕೆ ಹಿತವೆನಿಸುವುದುಂಟು. ಆದರೆ ಕಾಂಡೋಮ್ ಬಳಸುವವರಿಗೆ ಯಾವ ಎಣ್ಣೆಯೂ ಸಲ್ಲದು; ಎಣ್ಣೆ ತಾಗಿದ ಲ್ಯಾಟೆಕ್ಸ್ ಹರಿಯುತ್ತದೆ.

ಸ್ಥಳೀಯ ಈಸ್ಟ್ರೋಜನ್ ಮತ್ತು ಹಳೆಯ ಭಯ

ಇಷ್ಟರಿಂದ ಗುಣ ಕಾಣದಿದ್ದರೆ ಪರಿಣಾಮಕಾರಿಯಾದುದು ಯೋನಿಗೆ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೋಜನ್. ನಮ್ಮಲ್ಲಿ ಈಸ್ಟ್ರಿಯಾಲ್ ಕ್ರೀಮ್ ರೂಪದಲ್ಲಿ ಇದು ವೈದ್ಯರ ಚೀಟಿಯ ಮೇಲೆ ದೊರೆಯುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರ ಪ್ರತಿ ರಾತ್ರಿ, ನಂತರ ವಾರಕ್ಕೆರಡು ಬಾರಿ ಬಳಸಲು ಸೂಚಿಸುತ್ತಾರೆ. ಕೆಲವು ವಾರಗಳಲ್ಲಿ ಬದಲಾವಣೆ ಕಾಣತೊಡಗಿದರೂ ಪೂರ್ಣ ಪರಿಣಾಮಕ್ಕೆ ಮೂರು ತಿಂಗಳು ಹಿಡಿಯಬಹುದು. ವಾರದಲ್ಲೇ ಗುಣವಾಗಲಿಲ್ಲವೆಂದು ಎಸೆಯುವುದು, ಗುಣವಾಯಿತೆಂದು ಪೂರ್ತಿ ನಿಲ್ಲಿಸುವುದು ಎರಡೂ ತಪ್ಪು. ನಿಲ್ಲಿಸಿದರೆ ತೊಂದರೆ ಮರಳುತ್ತದೆ.

‘ಹಾರ್ಮೋನು’ ಎಂಬ ಪದ ಕೇಳಿದೊಡನೆ ಕ್ಯಾನ್ಸರ್ ನೆನಪಾಗುವುದಕ್ಕೆ ಒಂದು ಹಿನ್ನೆಲೆಯಿದೆ. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದಲ್ಲಿ ಎರಡು ಹಾರ್ಮೋನುಗಳ ಮಾತ್ರೆಯನ್ನು ನುಂಗುತ್ತಿದ್ದವರಲ್ಲಿ ಸ್ತನ ಕ್ಯಾನ್ಸರ್ ತುಸು ಹೆಚ್ಚಿದ್ದು ಕಂಡು 2002ರಲ್ಲಿ ಆ ಭಾಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಆ ಅಧ್ಯಯನದಲ್ಲಿ ಪರೀಕ್ಷೆಗೊಳಗಾಗದ ಸ್ಥಳೀಯ ಕ್ರೀಮುಗಳ ಪೊಟ್ಟಣದ ಮೇಲೂ ಅದೇ ಎಚ್ಚರಿಕೆ ಅಚ್ಚಾಯಿತು. ಅಲ್ಪ ಪ್ರಮಾಣದ ಕ್ರೀಮಿನಿಂದ ರಕ್ತಕ್ಕೆ ಸೇರುವ ಹಾರ್ಮೋನು ಅತ್ಯಲ್ಪ. ಎರಡು ದಶಕಗಳ ನಂತರ, 2025ರ ನವೆಂಬರ್‌ನಲ್ಲಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇಂಥ ಔಷಧಗಳ ಮೇಲಿನ ಕಪ್ಪುಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವ ಪ್ರಕ್ರಿಯೆಗೆ ಮುಂದಾಗಿದೆ. ಹಾಗಿದ್ದರೂ ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದವರು, ವಿಶೇಷವಾಗಿ ಲೆಟ್ರೋಜೋಲ್, ಅನಾಸ್ಟ್ರೋಜೋಲ್‌ನಂಥ ಮಾತ್ರೆಯಲ್ಲಿರುವವರು, ಮೊದಲು ಹಾರ್ಮೋನುರಹಿತ ಮಾರ್ಗ ಅನುಸರಿಸಿ, ತಮ್ಮ ಕ್ಯಾನ್ಸರ್ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು. ಕಾರಣ ತಿಳಿಯದ ರಕ್ತಸ್ರಾವವಿದ್ದಾಗ ಕ್ರೀಮ್ ಆರಂಭಿಸುವಂತಿಲ್ಲ.

ನಗರದ ಜಾಹೀರಾತುಗಳಲ್ಲಿ ಈಗ ಕಾಣುವ ಯೋನಿಯ ಲೇಸರ್ ಚಿಕಿತ್ಸೆಯ ಬಗ್ಗೆ ಎಚ್ಚರ ಅಗತ್ಯ. ಅಮೆರಿಕದ ಅದೇ ಸಂಸ್ಥೆ 2018ರಲ್ಲೇ ಈ ಕುರಿತು ಎಚ್ಚರಿಸಿತ್ತು. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ನಿಜವಾದ ಲೇಸರ್‌ಗೂ ಲೇಸರ್‌ನಂತೆ ನಟಿಸಿದ ಚಿಕಿತ್ಸೆಗೂ ವರ್ಷದ ಕೊನೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿರಲಿಲ್ಲ.

ಎಲ್ಲಿ ತೋರಿಸಬೇಕು?

ಗೊರಗುಂಟೆಪಾಳ್ಯ, ಪೀಣ್ಯ ಭಾಗದ ವಿಮಾದಾರ ಕಾರ್ಮಿಕರಿಗೆ ಪೀಣ್ಯ ಹಾಗೂ ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದೆಂಬುದು ಕೆಲಸ ಬಿಡುವ ಎಷ್ಟೋ ಮಹಿಳೆಯರಿಗೆ ತಿಳಿದಿಲ್ಲ. ವಿಮೆಯಿಲ್ಲದವರಿಗೆ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ ಹತ್ತಿರ. ವಾಣಿವಿಲಾಸ ಆಸ್ಪತ್ರೆಯಲ್ಲೂ ಸ್ತ್ರೀರೋಗ ವಿಭಾಗವಿದೆ. ಹೆರಿಗೆ ಆಸ್ಪತ್ರೆಯೆಂದರೆ ಬಸುರಿಯರಿಗೆ ಮಾತ್ರ ಎಂಬ ಸಂಕೋಚ ಬೇಡ.

ಹೊರರೋಗಿ ವಿಭಾಗದ ಸಾಲಿನಲ್ಲಿ ಎರಡು ನಿಮಿಷ ಸಿಕ್ಕರೆ ಹೆಚ್ಚು. ಆದ್ದರಿಂದ ‘ಕೆಳಗೆ ಒಂಥರಾ ಆಗುತ್ತದೆ’ ಎನ್ನುವ ಬದಲು, ಮುಟ್ಟು ನಿಂತು ಎಷ್ಟು ವರ್ಷವಾಯಿತು, ಉರಿಯೋ ತುರಿಕೆಯೋ ನೋವೋ, ರಕ್ತ ಕಂಡಿದೆಯೇ, ವರ್ಷದಲ್ಲಿ ಎಷ್ಟು ಬಾರಿ ಉರಿಮೂತ್ರಕ್ಕೆ ಮಾತ್ರೆ ತೆಗೆದುಕೊಂಡಿದೆ ಎಂಬುದನ್ನು ನೇರವಾಗಿ ಹೇಳಿದರೆ ಕೆಲಸ ಸುಲಭ. ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಯ್ಯಬೇಕು. ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳೂ ಒಣಗುವಿಕೆಯನ್ನು ಹೆಚ್ಚಿಸುತ್ತವೆ. ಪರೀಕ್ಷೆ ನೋವಾಗುವುದೆಂಬ ಭಯವಿದ್ದರೆ ಅದನ್ನೂ ಮೊದಲೇ ತಿಳಿಸಬಹುದು, ಚಿಕ್ಕ ಉಪಕರಣ ಬಳಸುತ್ತಾರೆ. ಮೂರು ತಿಂಗಳು ಸರಿಯಾಗಿ ಕ್ರೀಮ್ ಬಳಸಿಯೂ ತುರಿಕೆ ನಿಲ್ಲದಿದ್ದರೆ, ಅಥವಾ ಹೊರಚರ್ಮ ಬೆಳ್ಳಗಾಗಿ ಕಾಗದದಂತೆ ತೆಳುವಾಗಿದ್ದರೆ ಅದು ಲೈಕೆನ್ ಸ್ಕ್ಲೆರೋಸಸ್ ಎಂಬ ಬೇರೆಯೇ ಚರ್ಮರೋಗವಿರಬಹುದು. ಅದಕ್ಕೆ ಈಸ್ಟ್ರೋಜನ್ ಅಲ್ಲ, ವೈದ್ಯರು ಸೂಚಿಸುವ ಸ್ಟಿರಾಯ್ಡ್ ಮುಲಾಮು ಬೇಕಾಗುತ್ತದೆ.