ನೆರೆಹೊರೆ ಶಾಲೆ

‘ನೆರೆ’ ಎಂದರೆ ಪಕ್ಕ. ಒಟ್ಟುಗೂಡು ಎಂಬ ಕ್ರಿಯಾರ್ಥವೂ ಅದಕ್ಕುಂಟು. ಜಾತ್ರೆಗೆ ಜನ ನೆರೆಯುತ್ತಾರೆ. ‘ಹೊರೆ’ಯ ಹಳಗನ್ನಡ ರೂಪ ‘ಪೊರೆ’. ಸಮೀಪ, ಮಗ್ಗುಲು ಎಂದೇ ಇಲ್ಲಿ ಅರ್ಥ. ತಲೆಯ ಮೇಲಿನ ಹೊರೆ ಬೇರೆ.

ಈ ಜೋಡುನುಡಿಗೆ ‘ಶಾಲೆ’ ಸೇರಿದ್ದು ಶಿಕ್ಷಣ ನೀತಿಯ ಚರ್ಚೆಯಲ್ಲಿ. ಒಂದು ಪ್ರದೇಶದ ಮಕ್ಕಳೆಲ್ಲ ಜಾತಿ, ಸಂಪತ್ತಿನ ಭೇದವಿಲ್ಲದೆ ಅಲ್ಲಿನ ಶಾಲೆಯಲ್ಲೇ ಕಲಿಯಬೇಕು ಎಂದು 1966ರಲ್ಲಿ ಕೊಠಾರಿ ಆಯೋಗ ಹೇಳಿತು. ನೆರೆಯುವುದು ಎಂಬ ಅರ್ಥಕ್ಕೆ ಇಷ್ಟು ಒಪ್ಪುವ ಬಳಕೆ ಮತ್ತೊಂದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಪದ ಉಳಿಯಿತು, ಅರ್ಥ ಕಿರಿದಾಯಿತು. ನಿಯಮಗಳಲ್ಲಿ ಅದು ದೂರದ ಅಳತೆ: ಐದನೆಯ ತರಗತಿವರೆಗೆ 1 ಕಿ.ಮೀ., ಎಂಟರವರೆಗೆ 3 ಕಿ.ಮೀ. ಅನುದಾನರಹಿತ ಖಾಸಗಿ ಶಾಲೆಗಳ ಶೇ 25ರಷ್ಟು ಸೀಟುಗಳೂ ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಮೀಸಲಾದವು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆಗಷ್ಟೇ ಕರ್ನಾಟಕ ಈ ಅವಕಾಶವನ್ನು 2019ರಲ್ಲಿ ಸೀಮಿತಗೊಳಿಸಿತು. ಸರ್ಕಾರಿ ಶಾಲೆ ತುಂಬಬೇಕೆಂಬ ಆಶಯ ನನಗೂ ಪ್ರಿಯ. ಆದರೆ ಈ ಅಳತೆ ಬಡವರ ಮಕ್ಕಳಿಗೆ ಮಾತ್ರ. ಶುಲ್ಕ ಕಟ್ಟಬಲ್ಲವರ ಮಕ್ಕಳು ಶಾಲಾ ಬಸ್ಸು ಹತ್ತಿ ಊರಾಚೆಗೆ ಹೋಗಲು ಯಾವ ಕಿಲೋಮೀಟರಿನ ಮಿತಿಯೂ ಇಲ್ಲ.