ರೇಡಿಯೋದ ಕಿವಿ, ಅತ್ತೆಯ ಕಿವಿ

ಈ ಹುತ್ತರಿಗೆ ಮನೆಗೆ ಬಂದ ಹೆಂಗಸರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಟೀವಿ ಪಕ್ಕ ಹಲಸಿನ ಮರದ ಸಣ್ಣ ಪೆಟ್ಟಿಗೆ, ಅದರ ಮೋರೆಯಲ್ಲಿ ಕೆಂಪು ಅಂಕೆ, ಕೆಳಗೆ ಒಂದು ತಿರುಪು. "ಇದೆಂತ, ಕರೆಂಟಿನ ಮೀಟರಾ?" ಮೀಟರಲ್ಲ, ಸ್ವರವನ್ನು ದೊಡ್ಡ ಸಣ್ಣ ಮಾಡುವ ಪೆಟ್ಟಿಗೆ. ನಾನೂ ಮಗಳೂ ಮನೆಯಲ್ಲೇ ಕೂತು ಮಾಡಿದ್ದು. ಅದು ಯಾಕೆ ಬೇಕಾಯ್ತು ಅಂತ ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. ಸ್ವರ ಎಷ್ಟಿರಬೇಕು ಅನ್ನುವ ಜಗಳ ಈ ಪೆಟ್ಟಿಗೆಗಿಂತ ತುಂಬಾ ಹಳತು.

ಗ್ರಾಮೋಫೋನಿಗೆ ಇಂಥ ತಿರುಪೇ ಇರಲಿಲ್ಲ. ಹಾಡು ಜೋರಾಗಿ ಬೇಕಾದರೆ ದಪ್ಪ ಮುಳ್ಳು ಹಾಕುವುದು, ಮೆಲ್ಲಗೆ ಬೇಕಾದರೆ ಸಪೂರದ ಮುಳ್ಳು. 1906ರಲ್ಲಿ ಅಮೆರಿಕದ ವಿಕ್ಟರ್ ಕಂಪೆನಿ ಕೊಂಬನ್ನು ಕಪಾಟಿನ ಒಳಗೆ ಅಡಗಿಸಿಟ್ಟ ಯಂತ್ರ ತಂದಿತು. ಅದರ ಹೆಸರು ವಿಕ್ಟ್ರೋಲಾ. ಅದರಲ್ಲಿ ಸ್ವರ ಕಡಿಮೆ ಮಾಡಬೇಕಾದರೆ ಕಪಾಟಿನ ಬಾಗಿಲು ಅರ್ಧ ಮುಚ್ಚಿದರಾಯ್ತು. ಎಷ್ಟು ಸುಲಭ ನೋಡಿ. ನಾವು ಈಗಲೂ ಗದ್ದಲ ಆದರೆ ಮೊದಲು ಮಾಡುವುದು ಬಾಗಿಲು ಹಾಕುವ ಕೆಲಸವೇ.

ಆಮೇಲೆ ರೇಡಿಯೋ ಬಂತು. 1920ರ ದಶಕದ ವಾಲ್ವ್ ರೇಡಿಯೋಗಳಲ್ಲಿ ವಾಲ್ವಿನೊಳಗಿನ ತಂತಿಗೆ ಹೋಗುವ ಕರೆಂಟನ್ನೇ ಹೆಚ್ಚು ಕಡಿಮೆ ಮಾಡಿ ಸ್ವರ ಹೊಂದಿಸುತ್ತಿದ್ದರು. ಸೀಮೆಎಣ್ಣೆ ಲ್ಯಾಂಪಿನ ಬತ್ತಿ ಏರಿಸಿ ಇಳಿಸಿದ ಹಾಗೆ. ನಮ್ಮ ಕಡೆಗೆ ಹತ್ತಿರದ ಕತೆ ಅಂದರೆ ಮೈಸೂರಿನದ್ದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಹುಟ್ಟಿದ್ದು ಆ ಕೇಂದ್ರದಲ್ಲಿ. ಮನೆಯಲ್ಲಿ ಕೂತು ಇಂಥದ್ದೆಲ್ಲ ಮಾಡುವ ಹುಚ್ಚು ನಮಗೆ ಮಾತ್ರ ಇದ್ದದ್ದಲ್ಲ ಅಂತ ಮಗಳಿಗೆ ಹೇಳಿದ್ದು ಇದೇ ಕತೆ.

ನಮ್ಮ ಮಾವನ ಮನೆಗೆ ರೇಡಿಯೋ ಬಂದದ್ದು ಟ್ರಾನ್ಸಿಸ್ಟರ್ ಕಾಲದಲ್ಲಿ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ಬಿಇಎಲ್ ಕಾರ್ಖಾನೆ ವಾಲ್ವು, ಟ್ರಾನ್ಸಿಸ್ಟರುಗಳನ್ನು ಇಲ್ಲೇ ಮಾಡಲಿಕ್ಕೆ ಶುರು ಮಾಡಿತ್ತು. ಕರೆಂಟಿಲ್ಲದ ಮನೆಗೂ ಸೆಲ್ಲು ಹಾಕಿದ ರೇಡಿಯೋ ಬರುವ ಹಾಗಾಯ್ತು. ಅಂಚೆ ಕಚೇರಿಗೆ ಹೋಗಿ ವರ್ಷವರ್ಷ ಲೈಸೆನ್ಸ್ ಕಟ್ಟಬೇಕಿತ್ತು. ಲೈಸೆನ್ಸ್ ಮಾವನ ಹೆಸರಲ್ಲಿ, ರೇಡಿಯೋ ಇದ್ದದ್ದು ಮಾವನ ಕುರ್ಚಿಯ ಪಕ್ಕ, ಅದರ ಕಿವಿ ಮಾವನ ಕೈಯಲ್ಲಿ.

ರೇಡಿಯೋದ ಕಿವಿ ಹಿಂಡುವುದು ಅಂತ ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ. ಅತ್ತೆ ಹೇಳುವ ಪ್ರಕಾರ ಅವರು ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಆ ಕಿವಿ ಮುಟ್ಟಿದವರಲ್ಲ. ವಾರ್ತೆ ಕೇಳಿದ್ದೆಲ್ಲ ಅಡಿಗೆಮನೆಯ ಗೋಡೆಯ ಆಚೆಯಿಂದ. ಒಲೆ ಊದುವಾಗ ಒಂದು ಮಾತು ಹೋಯ್ತು, ಒಗ್ಗರಣೆ ಹಾಕುವಾಗ ಇನ್ನೊಂದು ಹೋಯ್ತು. ಮಧ್ಯಾಹ್ನ ಹೆಂಗಸರ ಕಾರ್ಯಕ್ರಮ ಬರುವ ಹೊತ್ತಿಗೆ ಮಾತ್ರ ರೇಡಿಯೋ ಅವರದ್ದು. ಆದರೆ ಆ ಹೊತ್ತಿಗೆ ಗಂಡಸರು ಉಂಡು ಮಲಗುವ ಸಮಯ. ಹಾಗಾಗಿ ಕಿವಿ ಕೈಗೆ ಸಿಕ್ಕಿದಾಗ ಸ್ವರ ಏರಿಸುವ ಹಾಗಿಲ್ಲ. ರೇಡಿಯೋವನ್ನು ಮಡಿಲಲ್ಲಿ ಇಟ್ಟುಕೊಂಡು, ತಲೆ ಬಗ್ಗಿಸಿ ಕೇಳುವುದು. ಇತಿಹಾಸದ ಪುಸ್ತಕಗಳಲ್ಲಿ ರೇಡಿಯೋ ಯಾವಾಗ ಬಂತು, ಯಾರು ತಂದರು ಅಂತೆಲ್ಲ ಸಿಕ್ಕುತ್ತದೆ, ಯಾರ ಮನೆಯಲ್ಲಿ ಯಾರಿಗೆ ಎಷ್ಟು ಕೇಳುತ್ತಿತ್ತು ಅನ್ನುವುದು ಸಿಕ್ಕುವುದಿಲ್ಲ.

ಹಾಡು ಬೇಕಾದರೆ ಸಿಲೋನ್. ಬಿನಾಕಾ ಗೀತಮಾಲಾ ಅಲ್ಲಿಂದ ಶುರುವಾದದ್ದು 1952ರಲ್ಲಿ. ನಮ್ಮ ಸರಕಾರದವರು ವಿವಿಧ ಭಾರತಿ ತಂದದ್ದು 1957ರ ಅಕ್ಟೋಬರ್ 3ಕ್ಕೆ. ಸಿಲೋನಿನ ಸ್ವರ ಶಾರ್ಟ್‌ವೇವಿನಲ್ಲಿ ಬರುವುದು, ಅಲೆಯ ಹಾಗೆ ಏರಿ ಇಳಿಯುತ್ತದೆ. ಒಮ್ಮೆ ಕಿವಿಗೆ ಬಡಿದ ಹಾಗೆ, ಒಮ್ಮೆ ಬಾವಿಯ ತಳದಿಂದ ಬಂದ ಹಾಗೆ. ಕೇಳುವವರು ಕೈಯನ್ನು ತಿರುಪಿನಿಂದ ತೆಗೆಯುವ ಹಾಗೇ ಇಲ್ಲ.

ಆ ತಿರುಪಿನ ಹಿಂದೆ ಇರುವುದು ಕುದುರೆ ಲಾಳದ ಆಕಾರದ ಒಂದು ಪಟ್ಟಿ. ಅದಕ್ಕೆ ಕರಿ, ಅಂದರೆ ಕಾರ್ಬನ್, ಬಳಿದಿರುತ್ತದೆ. ಅದರ ಮೇಲೆ ಒಂದು ಸಣ್ಣ ಲೋಹದ ನಾಲಿಗೆ ಜಾರುತ್ತದೆ. ನಾಲಿಗೆ ಯಾವ ಜಾಗದಲ್ಲಿ ನಿಂತಿತೋ ಅಷ್ಟು ಸ್ವರ ಮುಂದೆ ಹೋಗುತ್ತದೆ. ಇಷ್ಟೇ ಯಂತ್ರ. ಆದರೆ ಭಾಗಮಂಡಲದ ಮಳೆ ಗೊತ್ತುಂಟಲ್ಲ. ಬೆಂಕಿಪೆಟ್ಟಿಗೆ ಗೀರಿದರೆ ಹತ್ತದ, ಉಪ್ಪು ನೀರಾಗುವ, ಬೀರುವಿನ ಸೀರೆಗೆ ಬೂಷ್ಟು ಹಿಡಿಯುವ ಮಳೆ. ಆ ಥಂಡಿ ಕಾರ್ಬನ್ ಪಟ್ಟಿಗೂ ಹಿಡಿಯುತ್ತದೆ, ಧೂಳು ಸೇರುತ್ತದೆ, ಕರಿ ಸವೆಯುತ್ತದೆ. ತಿರುಗಿಸಿದರೆ 'ಕರ್‌ಕರ್' ಅನ್ನುವ ಸದ್ದು, ಮಧ್ಯದಲ್ಲಿ ಸ್ವರವೇ ಮಾಯ. ಮಾವ ಮಳೆಗಾಲದಲ್ಲಿ ರೇಡಿಯೋವನ್ನು ಒಲೆಯ ಹತ್ತಿರದ ಹಲಗೆಗೆ ತಂದು ಇಡುತ್ತಿದ್ದರಂತೆ, ಬೆಚ್ಚಗಿರಲಿ ಅಂತ. ಥಂಡಿಗೆ ಅದು ಒಳ್ಳೆಯದೇ, ಆದರೆ ಹೊಗೆಯ ಮಸಿ ಬೇರೆ ಕೂತಿತು. ಅತ್ತೆಗೆ ಮಾತ್ರ ಆ 3 ತಿಂಗಳು ಹಬ್ಬ. ಒಲೆಯ ಹತ್ತಿರ ಅಂದರೆ ಅವರ ಕೈಯಳತೆ.

ಇನ್ನೊಂದು ಗುಟ್ಟು ರಿಪೇರಿಯವರಿಗೆ ಮಾತ್ರ ಗೊತ್ತಿದ್ದದ್ದು. ಆ ಕರಿಯನ್ನು ಉದ್ದಕ್ಕೂ ಒಂದೇ ಸಮ ಬಳಿಯುವುದಿಲ್ಲ. ನಮ್ಮ ಕಿವಿ ಲೆಕ್ಕ ಹಾಕುವುದು ಕೂಡಿಸುವ ಕ್ರಮದಲ್ಲಲ್ಲ, ಗುಣಿಸುವ ಕ್ರಮದಲ್ಲಿ. ಸಣ್ಣ ಪಾತ್ರೆಯ ಗಂಜಿಗೆ ಒಂದು ಚಮಚ ಉಪ್ಪು ಹೆಚ್ಚಾದರೆ ಬಾಯಿಗಿಡಲಿಕ್ಕಾಗುವುದಿಲ್ಲ, ಮದುವೆ ಮನೆಯ ಹಂಡೆಗೆ ಅದೇ ಒಂದು ಚಮಚ ಹಾಕಿದರೆ ಯಾರಿಗೂ ತಿಳಿಯದು. ಕಿವಿಯೂ ಹಾಗೇ. ಜರ್ಮನಿಯ ಫೆಕ್ನರ್ 1860ರಲ್ಲಿ ತಂದ ಪುಸ್ತಕದಲ್ಲಿ ಈ ಲೆಕ್ಕ ಉಂಟು. ಮುಂದೆ ಅಮೆರಿಕದ ಟೆಲಿಫೋನ್ ಕಂಪೆನಿಯವರು 1920ರ ದಶಕದಲ್ಲಿ ಅದೇ ಗುಣಾಕಾರದ ಲೆಕ್ಕದಲ್ಲಿ ಡೆಸಿಬೆಲ್ ಅನ್ನುವ ಅಳತೆ ಮಾಡಿಕೊಂಡರು. 10 ಡೆಸಿಬೆಲ್ ಏರಿದರೆ ಯಂತ್ರಕ್ಕೆ 10 ಪಾಲು ಕೆಲಸ, ಕಿವಿಗೆ ಮಾತ್ರ ಸುಮಾರು ಎರಡು ಪಾಲು ಜೋರು ಕೇಳಿದ ಹಾಗೆ. ಆದ್ದರಿಂದ ಸ್ವರದ ತಿರುಪಿಗೆ ಬಳಿಯುವ ಕರಿಯ ಹದ ಬೇರೆ. ಅದನ್ನು ಬಿಟ್ಟು ಸಮನಾಗಿ ಬಳಿದದ್ದನ್ನು ಹಾಕಿದರೆ ಸ್ವಲ್ಪ ತಿರುಗಿಸುವಾಗಲೇ ಸ್ವರವೆಲ್ಲ ಬಂದುಬಿಡುತ್ತದೆ, ಉಳಿದ ಮುಕ್ಕಾಲು ಸುತ್ತು ಸುಮ್ಮನೆ.

ಟೀವಿಯ ರಿಮೋಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕದಲ್ಲಿ 1956ರಷ್ಟು ಹಿಂದೆಯೇ ತಂತಿಯಿಲ್ಲದ ರಿಮೋಟ್ ಮಾರಾಟಕ್ಕಿತ್ತು, ನಮಗೆ ಮುಟ್ಟುವಾಗ ಕೆಲವು ದಶಕ ಹಿಡಿಯಿತು. ಕುರ್ಚಿಯ ಪಕ್ಕದಲ್ಲಿದ್ದ ಅಧಿಕಾರ ಕುರ್ಚಿಯ ಕೈಮೇಲೆ ಬಂತು, ಅಷ್ಟೇ.

ಮಾವ ಹೋದ ಮೇಲೆ ರೇಡಿಯೋ ಪೂರ್ತಿ ಅತ್ತೆಯದ್ದಾಯ್ತು. ಮಡಿಕೇರಿ ಆಕಾಶವಾಣಿ 1993ರಲ್ಲಿ ಶುರುವಾದದ್ದು. ಅದರಲ್ಲಿ ಅರೆಭಾಷೆ ಬಂದರೆ ಅತ್ತೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಡುತ್ತಾರೆ. ತಲಕಾವೇರಿ ನಮ್ಮಿಂದ 8 ಕಿಲೋಮೀಟರ್ ಮೇಲೆ. ಆದರೂ ತುಲಾ ಸಂಕ್ರಮಣದ ತೀರ್ಥೋದ್ಭವ ಅವರಿಗೆ ರೇಡಿಯೋದಲ್ಲಿ ಕೇಳಿದರೇ ಸಮಾಧಾನ, ಮೊಣಕಾಲು ಆ ಮೆಟ್ಟಿಲು ಹತ್ತಲಿಕ್ಕೆ ಬಿಡುವುದಿಲ್ಲ. ಹಳೆ ರೇಡಿಯೋ ಕೆಟ್ಟ ಮೇಲೆ ಒಂದು ಎಫ್‌ಎಂ ಟ್ಯೂನರ್, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್ ಜೋಡಿಸಿಕೊಟ್ಟೆವು. ಅಲ್ಲಿಂದ ಜಗಳ. "ಒಂಚೂರು ದೊಡ್ಡ ಮಾಡ್" ಅಂತ ಅತ್ತೆ. "ಅವ್ವಾ, ಎಷ್ಟು ದೊಡ್ಡ!" ಅಂತ ಅವರ ಮಗ. ಓದುವ ಮಗಳು ಬಾಗಿಲು ಹಾಕಿಕೊಳ್ಳುವುದು. ನಿನ್ನೆ ಇದ್ದಷ್ಟೇ ಉಂಟು ಅಂತ ಒಬ್ಬರು, ಇಲ್ಲ, ನಿನ್ನೆಗಿಂತ ಹೆಚ್ಚು ಅಂತ ಇನ್ನೊಬ್ಬರು. ತಿರುಪಿನ ಮೇಲಿದ್ದ ಬಿಳಿ ಗೀಟು ಎಂದೋ ಅಳಿಸಿಹೋಗಿತ್ತು, ಸಾಕ್ಷಿ ಇಲ್ಲದ ವ್ಯಾಜ್ಯ.

ಸಾಕ್ಷಿಗೆ ಅಂತಲೇ ಪೆಟ್ಟಿಗೆ ಮಾಡಿದ್ದು. ಒಳಗೆ 4 ಸಾಮಾನು. ಮೊದಲನೆಯದು ತಿರುಪು. ಇದು ಹಳೆಯ ಕಾರ್ಬನಿನದ್ದಲ್ಲ, ಎನ್‌ಕೋಡರ್ ಅನ್ನುತ್ತಾರೆ. ಇದಕ್ಕೆ ಶುರು ಕೊನೆ ಇಲ್ಲ, ಎಷ್ಟು ಸುತ್ತಿದರೂ ಸುತ್ತುತ್ತದೆ, ಒಂದೊಂದು ಹೆಜ್ಜೆಗೆ 'ಟಿಕ್' ಅನ್ನುತ್ತದೆ. ಒಳಗೆ ಎರಡು ಸಂಪರ್ಕ. ಯಾವುದು ಮೊದಲು ಮುಟ್ಟಿತು ಅಂತ ನೋಡಿ ಬಲಕ್ಕೋ ಎಡಕ್ಕೋ ಅಂತ ತಿಳಿಯುವುದು. ಎರಡನೆಯದು ಆ ಟಿಕ್‌ಗಳನ್ನು ಎಣಿಸುವ ಆರ್ಡುಯಿನೋ. 2005ರ ಹೊತ್ತಿಗೆ ಇಟಲಿಯ ಒಂದು ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಈ ಹಲಗೆ ಈಗ ಭಾಗಮಂಡಲದ ಮಕ್ಕಳ ಕೈಗೂ ಬಂದಿದೆ. ಮೂರನೆಯದು ಪಿಟಿ2257 ಅನ್ನುವ ಎಂಟು ಕಾಲಿನ ಚಿಪ್ಪು, ನಿಜವಾಗಿ ಸ್ವರ ತಗ್ಗಿಸುವುದು ಅದು. ಒಂದೊಂದು ಡೆಸಿಬೆಲ್ ಲೆಕ್ಕದಲ್ಲಿ 0ಯಿಂದ 79ರವರೆಗೆ ತಗ್ಗಿಸುತ್ತದೆ. ಕಾರ್ಬನ್ ಪಟ್ಟಿ ಇಲ್ಲ, ಉಜ್ಜುವ ನಾಲಿಗೆ ಇಲ್ಲ, ಹಾಗಾಗಿ ನಮ್ಮ ಮಳೆಗೆ ಕರ್‌ಕರ್ ಅನ್ನುವ ಪ್ರಶ್ನೆ ಇಲ್ಲ. ನಾಲ್ಕನೆಯದು ಅಂಕೆ ತೋರಿಸುವ ಕೆಂಪು ಡಿಸ್ಪ್ಲೇ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಅಮೆರಿಕದಲ್ಲಿ 1962ರಲ್ಲಿ ಬಂದದ್ದು. ಏಳು ಗೀಟುಗಳಲ್ಲಿ ಯಾವ ಅಂಕೆಯನ್ನಾದರೂ ಬರೆಯುವ ಉಪಾಯ ಅದಕ್ಕಿಂತಲೂ ಹಿಂದಿನದ್ದು.

ಚಿಪ್ಪಿನ ಲೆಕ್ಕ ಉಲ್ಟಾ. ಅದು ಎಷ್ಟು ತಗ್ಗಿಸಬೇಕು ಅಂತ ಕೇಳುತ್ತದೆ, 0 ಅಂದರೆ ಪೂರ್ತಿ ಸ್ವರ. ಅಂಗಡಿಯಲ್ಲಿ ಸಿಕ್ಕುವ ದುಬಾರಿ ಯಂತ್ರಗಳು ಮೈನಸ್ ಹಾಕಿ ಹಾಗೇ ತೋರಿಸುತ್ತವೆ. ಅತ್ತೆಯ ಎದುರಿಗೆ ಮೈನಸ್ ಲೆಕ್ಕ ಯಾಕೆ? 79ರಿಂದ ಕಳೆದು ಉಳಿದದ್ದನ್ನು ತೋರಿಸುವ ಹಾಗೆ ಬರೆದೆವು. ಅಂಕೆ ಏರಿದರೆ ಸ್ವರ ಏರಿತು, ಮುಗಿಯಿತು. ಕರೆಂಟು ಹೋಗಿ ಬಂದಾಗ ಯಾವಾಗಲೂ 20ರಿಂದಲೇ ಶುರುವಾಗಬೇಕು ಅಂತ ಇನ್ನೊಂದು ಸಾಲು. ನಡುರಾತ್ರಿ ಕರೆಂಟು ಬಂದು ಸ್ಪೀಕರ್ ಕೂಗಿದರೆ ಮನೆಯವರೆಲ್ಲ ಎದ್ದು ಕೂರುತ್ತಾರೆ. ಆಂಪ್ಲಿಫೈಯರಿನ ಸ್ವಂತ ತಿರುಪನ್ನು ಒಂದು ಕಡೆ ನಿಲ್ಲಿಸಿ ಟೇಪು ಹಚ್ಚಿದೆ, ಇಲ್ಲದಿದ್ದರೆ ನಮ್ಮ ಅಂಕೆಗೆ ಅರ್ಥವೇ ಇಲ್ಲ.

ಅಂಕೆ ಬಂದ ವಾರದಲ್ಲೇ ಜಗಳ ನಿಂತಿತು. ಬೇಸಿಗೆಯಲ್ಲಿ ಪ್ರದೇಶ ಸಮಾಚಾರಕ್ಕೆ ಅತ್ತೆಗೆ 40, ಅದೇ ಕುರ್ಚಿಯಲ್ಲಿ ಕೂತರೆ ನನಗೆ 31 ಸಾಕು. ಇಬ್ಬರೂ ಇದ್ದಾಗ 36 ಅಂತ ಒಪ್ಪಂದ. ಜೂನ್ ಬಂದು ಶೀಟಿನ ಮೇಲೆ ಮಳೆ ಹುಯ್ಯಲಿಕ್ಕೆ ಶುರುವಾದರೆ ಎಲ್ಲರದ್ದೂ ಎಂಟೊಂಬತ್ತು ಏರುತ್ತದೆ, ಅದರಲ್ಲಿ ತಕರಾರಿಲ್ಲ. ಅತ್ತೆಯೇ ಕೇಳುತ್ತಿದ್ದರು, "ಇಂದ್ ಎಷ್ಟುಟ್ಟು?" ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತಿದ್ದೆ.

ಮುಂದಿನ ವರ್ಷ ಫೆಬ್ರವರಿಯಲ್ಲಿ ಆ ಹಾಳೆ ನೋಡಿದೆ. ಮಳೆ ಇಲ್ಲ, ಅದೇ ಕುರ್ಚಿ, ಅದೇ ವಾರ್ತೆ. ನನ್ನದು 31ರಲ್ಲೇ ಉಂಟು. ಅತ್ತೆಯದ್ದು 52.

ನನ್ನದು ಬದಲಾಗದ ಕಾರಣ ಪೆಟ್ಟಿಗೆ ಸರಿ ಉಂಟು ಅಂತಾಯ್ತು. 12 ಡೆಸಿಬೆಲ್ ಅಂದರೆ ಸಣ್ಣದಲ್ಲ, ಒಂದು ವರ್ಷದಲ್ಲಿ ಅವರಿಗೆ ಎರಡು ಪಾಲಿಗಿಂತ ಜೋರು ಬೇಕಾಗಿದೆ. ಮನೆಯಲ್ಲಿ ಒಬ್ಬರು ಹಟ ಅಂದಿದ್ದರು, ನೆಂಟರೊಬ್ಬರು ಪ್ರಾಯ ಆಯ್ತಲ್ಲ ಅಂದಿದ್ದರು. ಅಂಕೆಗೆ ಹಟವೂ ಗೊತ್ತಿಲ್ಲ, ದಾಕ್ಷಿಣ್ಯವೂ ಗೊತ್ತಿಲ್ಲ. ಅತ್ತೆಯ ಪಕ್ಕ ಕೂತು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಸ್ವರ ಕೇಳ್ದೆ ಮಗಾ, ಮಾತ್ ಗೊತ್ತಾದುಲೆ."

ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಉಂಟು, ಆಯಿಷ್ ಅಂತ ಕರೆಯುವುದು, 1960ರ ದಶಕದಿಂದ ನಡೆದು ಬಂದದ್ದು. ಅಲ್ಲಿಗೆ ಕರೆದುಕೊಂಡು ಹೋದೆವು. ಸದ್ದು ಹೊರಗೆ ಹೋಗದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿದಾಗ ಕೈ ಎತ್ತಿ ಅಂತಾರೆ. ದಪ್ಪ ಸ್ವರದಿಂದ ಸಪೂರ ಸ್ವರದವರೆಗೆ ಒಂದೊಂದಕ್ಕೆ ಎಷ್ಟು ಡೆಸಿಬೆಲ್ ಬೇಕಾಯ್ತು ಅಂತ ನಕ್ಷೆ ಬರೆಯುತ್ತಾರೆ. ಆ ನಕ್ಷೆ ನೋಡಿದ ಮೇಲೆ ಅತ್ತೆಯ ಮಾತು ಅರ್ಥವಾಯ್ತು. ಪ್ರಾಯದಲ್ಲಿ ಮೊದಲು ಹೋಗುವುದು ಸಪೂರದ ಸ್ವರಗಳು. ಸ, ಶ, ತ, ಕ ಇಂಥ ಅಕ್ಷರಗಳ ಗುರುತು ಇರುವುದು ಅಲ್ಲಿ. ಅ, ಓ ಎಲ್ಲ ಚೆನ್ನಾಗಿ ಕೇಳುತ್ತದೆ, 'ಹಾಲು' ಹೇಳಿದರೋ 'ಸಾಲು' ಹೇಳಿದರೋ ತಿಳಿಯುವುದಿಲ್ಲ. ಹಾಗಾಗಿ ತಿರುಪು ಎಷ್ಟು ಏರಿಸಿದರೂ ಗದ್ದಲ ಏರುತ್ತದೆ, ಮಾತು ತಿಳಿಯಾಗುವುದಿಲ್ಲ. ಕಿವಿಗೆ ಹಾಕುವ ಮಿಶಿನ್ ಕೊಟ್ಟದ್ದು ಅದಕ್ಕೆ. ಅದು ಕಡಿಮೆಯಾದ ಸ್ವರಗಳನ್ನು ಮಾತ್ರ ಆಯ್ದು ಎತ್ತಿಕೊಡುತ್ತದೆ.

ಮೊದಲ ತಿಂಗಳು ಅತ್ತೆಗೆ ಸಿಟ್ಟು. ತಟ್ಟೆ ತೊಳೆಯುವ ಸದ್ದು, ಕಾಗದ ಮಡಚುವ ಸದ್ದು ಎಲ್ಲ ಚುಚ್ಚುತ್ತದೆ ಅಂತ ತೆಗೆದು ಡಬ್ಬಿಗೆ ಹಾಕುತ್ತಿದ್ದರು. ಅಷ್ಟು ಕಾಲ ಕೇಳದ ಸದ್ದು ಒಮ್ಮೆಗೇ ಬಂದರೆ ಹಾಗಾಗುವುದೇ ಅಂತ ಅಲ್ಲಿಯವರು ಮೊದಲೇ ಹೇಳಿ ಕಳಿಸಿದ್ದರು. ದಿನಕ್ಕೆ ಒಂದು ಗಂಟೆ, ಆಮೇಲೆ ಎರಡು, ಹೀಗೆ ಏರಿಸಿದೆವು. ತೀರ್ಥೋದ್ಭವದ ದಿನ ಹಾಕಿಕೊಂಡೇ ಕೂತರು, ತಿರುಪು ಅವರೇ ತಿರುಗಿಸಿದರು. 41.

ಮಗಳ ಕಿವಿಯ ವಿಚಾರ ಬೇರೆ ಉಂಟು. ಅವಳದ್ದು ಇಯರ್‌ಫೋನ್, ಅದಕ್ಕೆ ನನ್ನ ಪೆಟ್ಟಿಗೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75ರಲ್ಲಿ 40 ಗಂಟೆ ಅಂತ ಮಿತಿ ಹಾಕಿದ್ದಾರೆ. ಅದು ಕಿವಿಗೆ ಬೀಳುವ ನಿಜವಾದ ಸದ್ದಿನ ಅಳತೆ, ನಮ್ಮ ಪೆಟ್ಟಿಗೆಯ ಅಂಕೆಯ ಜೊತೆ ಹೋಲಿಸಲಿಕ್ಕೆ ಬರುವುದಿಲ್ಲ. ಈಗಿನ ಮೊಬೈಲುಗಳಲ್ಲಿ ಆ ಲೆಕ್ಕ ತೋರಿಸುವ ಜಾಗ ಇರುತ್ತದೆ, ನಿಮ್ಮ ಮಕ್ಕಳದ್ದು ಒಮ್ಮೆ ತೆಗೆದು ನೋಡಿ.

ಪೆಟ್ಟಿಗೆ ಬೇಕು ಅಂದ ಮೇಲಿನ ಮನೆಯ ಅಕ್ಕನಿಗೆ ಸಾಮಾನು ತರಿಸಿ ಆಗಿದೆ, ಎಲ್ಲ ಸೇರಿ ಸಾವಿರ ರೂಪಾಯಿಯ ಒಳಗೆ. ಬೆಸುಗೆಯ ಕೆಲಸ ಒಂದು ಮಧ್ಯಾಹ್ನದ್ದು. ಹಲಸಿನ ಹಲಗೆ ಇನ್ನೂ ಒಣಗಿಲ್ಲ, ಅಟ್ಟದಲ್ಲಿ ಇಟ್ಟಿದ್ದೇನೆ. ಒಣಗಿದ ಮೇಲೆ ಹೇಳಿ ಕಳಿಸುತ್ತೇನೆ.