ಕ್ಯಾಮೆರಾದ ಗಟ್ಟಿತನ ಇರುವುದೆಲ್ಲಿ?

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಕಾಂಬೋಡಿಯಾದ ರಣರಂಗದಲ್ಲಿದ್ದ ಬ್ರಿಟನ್ನಿನ ಛಾಯಾಗ್ರಾಹಕ ಡಾನ್ ಮೆಕಲಿನ್ ಅವರತ್ತ ಹಾರಿಬಂದ ಗುಂಡೊಂದು ಅವರ ಕ್ಯಾಮೆರಾಕ್ಕೆ ಬಡಿದು ಅಲ್ಲೇ ನಿಂತಿತು. ಅವರು ಬದುಕಿ ಉಳಿದರು. ಆ ಕ್ಯಾಮೆರಾ 1959ರಲ್ಲಿ ಮಾರುಕಟ್ಟೆಗೆ ಬಂದ ಜಪಾನಿನ ನಿಕಾನ್ ಎಫ್. ಅದೇ ಕ್ಯಾಮೆರಾದ ಮಾರ್ಪಡಿಸಿದ ರೂಪವನ್ನು 1971ರಲ್ಲಿ ಅಪೊಲೊ 15ರ ಯಾನಿಗಳು ಒಯ್ದಿದ್ದರು. ಗಟ್ಟಿ ಕ್ಯಾಮೆರಾ ಎಂದರೆ ಲೋಹದ ಭಾರಿ ಕವಚ ಎಂಬ ನಂಬಿಕೆ ಬೇರೂರಿದ್ದು ಇಂತಹ ಕಥೆಗಳಿಂದಲೇ. ಡಿಜಿಟಲ್ ಯುಗ ಈ ನಂಬಿಕೆಯನ್ನು ತಲೆಕೆಳಗು ಮಾಡಿತು.

ಎಸ್‌ಎಲ್‌ಆರ್ ಕ್ಯಾಮೆರಾದ ಒಳಗೆ ಒಂದು ಪುಟ್ಟ ಕನ್ನಡಿ ಓರೆಯಾಗಿ ನಿಂತಿರುತ್ತದೆ. ಲೆನ್ಸಿನ ಮೂಲಕ ಬಂದ ಬೆಳಕನ್ನು ಅದು ಮೇಲಕ್ಕೆ ಹಾಯಿಸುವುದರಿಂದ ನಮಗೆ ದೃಶ್ಯ ಕಾಣುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೇಳುತ್ತದೆ, ಹಿಂದಿರುವ ಷಟರ್ ತೆರೆದು ಮುಚ್ಚುತ್ತದೆ, ಕನ್ನಡಿ ಮತ್ತೆ ಸ್ವಸ್ಥಾನಕ್ಕೆ ಇಳಿಯುತ್ತದೆ. ಪ್ರತಿಯೊಂದು ಚಿತ್ರಕ್ಕೂ ಇಷ್ಟು ಕಸರತ್ತು ನಡೆಯಲೇಬೇಕು. ಸವೆಯುವುದು ಹೊರಗಿನ ಕವಚವಲ್ಲ, ಈ ಚಲಿಸುವ ಭಾಗಗಳು.

ವೃತ್ತಿನಿರತರಿಗೆಂದು ಮಾರಾಟಕ್ಕೆ ಬಂದ ಮೊದಲ ಡಿಜಿಟಲ್ ಎಸ್‌ಎಲ್‌ಆರ್, 1991ರ ಕೊಡಾಕ್ ಡಿಸಿಎಸ್, ಹಳೆಯ ಉಡುಪಿನಲ್ಲೇ ಹುಟ್ಟಿತು. ಅದರ ಮೈ 1980ರ ನಿಕಾನ್ ಎಫ್3 ಕ್ಯಾಮೆರಾದ್ದು. ಚಿತ್ರಗಳನ್ನು ಕೂಡಿಡುವ 200 ಮೆಗಾಬೈಟ್‌ಗಳ ಹಾರ್ಡ್ ಡಿಸ್ಕ್ ಮಾತ್ರ ಪ್ರತ್ಯೇಕ ಪೆಟ್ಟಿಗೆಯಲ್ಲಿತ್ತು. ಸುಮಾರು 5 ಕಿಲೋ ತೂಕದ ಆ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡೇ ಓಡಾಡಬೇಕಿತ್ತು. ಎಲ್ಲವೂ ಒಂದೇ ಮೈಯಲ್ಲಿ ಅಡಕವಾಗಿದ್ದ, ಮೆಗ್ನೀಸಿಯಂ ಮಿಶ್ರಲೋಹದ ನಿಕಾನ್ ಡಿ1 ಬಂದದ್ದು 1999ರಲ್ಲಿ.

2003ರಲ್ಲಿ ಕೆನಾನ್ 300ಡಿ ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ದೊರೆತಾಗ ಅದರ ಪ್ಲಾಸ್ಟಿಕ್ ಮೈ ಕಂಡು ಮೂಗು ಮುರಿದವರುಂಟು. ಆದರೆ ಒಳಗೆ ಉಕ್ಕಿನ ಚೌಕಟ್ಟಿತ್ತು. ಲೋಹದ ನಿಜವಾದ ಕೆಲಸವೂ ಅದೇ: ಲೆನ್ಸ್ ಕೂರುವ ಬಳೆಯನ್ನು ಮತ್ತು ಚಿತ್ರ ಗ್ರಹಿಸುವ ಸೆನ್ಸರನ್ನು ಪರಸ್ಪರ ಸಮಾಂತರವಾಗಿ ಹಿಡಿದಿಡುವುದು. ಕೆಳಗೆ ಬಿದ್ದ ಕ್ಯಾಮೆರಾ ಹೊರನೋಟಕ್ಕೆ ಚೆನ್ನಾಗಿದ್ದರೂ ಈ ಹೊಂದಿಕೆ ಕೂದಲೆಳೆಯಷ್ಟು ತಪ್ಪಿದರೆ ಚಿತ್ರದ ಒಂದು ಪಕ್ಕ ಮಸುಕಾಗುತ್ತದೆ.

ಇನ್ನು ಆಯುಷ್ಯದ ಲೆಕ್ಕ. ರೀಲಿನ ಕಾಲದಲ್ಲಿ 36 ಚಿತ್ರಕ್ಕೆ ಒಂದು ರೀಲು ಮುಗಿಯುತ್ತಿತ್ತು. ಪ್ರತಿ ಕ್ಲಿಕ್ಕಿಗೂ ದುಡ್ಡು ಖರ್ಚಾಗುತ್ತಿದ್ದುದರಿಂದ ಕೈ ತಾನಾಗಿಯೇ ಬಿಗಿಯಾಗುತ್ತಿತ್ತು. ಡಿಜಿಟಲ್ ಬಂದಮೇಲೆ ಆ ಕಡಿವಾಣ ಕಳಚಿತು. ತಯಾರಕರು ಷಟರನ್ನು ಎಷ್ಟು ಸಲದವರೆಗೆ ಪರೀಕ್ಷಿಸಿದ್ದೇವೆ ಎಂದು ಪ್ರಕಟಿಸತೊಡಗಿದರು: 2006ರ ಕೆನಾನ್ 30ಡಿಗೆ ಒಂದು ಲಕ್ಷ, 2007ರ ನಿಕಾನ್ ಡಿ3ಗೆ ಮೂರು ಲಕ್ಷ, 2012ರ ಕೆನಾನ್ 1ಡಿ ಎಕ್ಸ್‌ಗೆ ನಾಲ್ಕು ಲಕ್ಷ. ಒಂದು ಲಕ್ಷವೆಂದರೆ ಸುಮಾರು 2,800 ರೀಲುಗಳು. ಹಿಂದಿನವರಿಗೆ ಅದು ಜೀವಮಾನದ ಸಂಪಾದನೆಯಂತೆ ಕಂಡೀತು. ಆದರೆ ಮದುವೆಗೆ ಸಾವಿರದಂತೆ ವಾರಕ್ಕೆ ಎರಡು ಮದುವೆ ತೆಗೆಯುವ ಸ್ಟುಡಿಯೋದವರು ಈ ಗಡಿಯನ್ನು 50 ವಾರಗಳಲ್ಲೇ ಮುಟ್ಟುತ್ತಾರೆ. ಗಡಿ ದಾಟಿದ ಮರುಕ್ಷಣ ಷಟರ್ ಕೆಡುತ್ತದೆಂದಲ್ಲ, ಕೆಟ್ಟರೂ ಬದಲಿಸಬಹುದು. ಆದರೂ ಹಳೆಯ ಕ್ಯಾಮೆರಾ ಕೊಳ್ಳುವವರು ಕಾರಿನ ಮೀಟರ್ ನೋಡಿದಂತೆ ಮೊದಲು ಈ ಎಣಿಕೆಯನ್ನೇ ಕೇಳುತ್ತಾರೆ.

ಇನ್ನೊಂದು ಶತ್ರು ಧೂಳು. ರೀಲಿನಲ್ಲಿ ಪ್ರತಿ ಚಿತ್ರಕ್ಕೂ ಹೊಸ ಫಿಲ್ಮು. ಒಂದರ ಮೇಲೆ ಬಿದ್ದ ಕಣ ಅದರೊಂದಿಗೇ ಮುಂದೆ ಸರಿಯುತ್ತಿತ್ತು. ಸೆನ್ಸರ್ ಹಾಗಲ್ಲ, ಅದು ಕೂತಲ್ಲೇ ಕೂತಿರುತ್ತದೆ. ಅದರ ಮೇಲಿನ ಒಂದು ಕಣ ನೂರಾರು ಚಿತ್ರಗಳಲ್ಲಿ ಅದೇ ಜಾಗದಲ್ಲಿ ಚುಕ್ಕೆಯಾಗಿ ಕಾಡುತ್ತದೆ. 2003ರ ಒಲಿಂಪಸ್ ಇ-1 ಶ್ರವಣಾತೀತ ಕಂಪನದಿಂದ ಧೂಳು ಕೊಡವುವ ಉಪಾಯ ತಂದಿತು. ಬಳಿಕ ಉಳಿದ ಕಂಪನಿಗಳೂ ಅಂತಹ ಉಪಾಯಗಳನ್ನು ಅಳವಡಿಸಿಕೊಂಡವು. ಆದರೂ ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆರಿಸಿ, ಬಾಯಿಯನ್ನು ಕೆಳಮುಖವಾಗಿ ಹಿಡಿಯುವುದಕ್ಕಿಂತ ದೊಡ್ಡ ಉಪಾಯವಿಲ್ಲ. ಒಳಕ್ಕೆ ಬಾಯಿಂದ ಊದಬಾರದು, ಎಂಜಲಿನ ಹನಿ ಕೂರುತ್ತದೆ. ರಬ್ಬರಿನ ಗಾಳಿಬುರುಡೆಯೇ ಸರಿ.

ನಮ್ಮ ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಧೂಳಿಗಿಂತ ತೇವದ ಕಾಟವೇ ಹೆಚ್ಚು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಟ್ಟು, ಒಳಗಿನ ಆರ್ದ್ರತೆಯನ್ನು ಶೇ 40ರಿಂದ 50ರ ಆಸುಪಾಸಿನಲ್ಲಿ ಕಾಪಾಡಬೇಕು. ಹವಾನಿಯಂತ್ರಿತ ಕೋಣೆಯಿಂದ ಹೊರಗಿನ ಸೆಕೆಗೆ ಬಂದಾಗ ಕ್ಯಾಮೆರಾವನ್ನು ಕೂಡಲೇ ಚೀಲದಿಂದ ತೆಗೆದರೆ ಅದರ ಮೇಲೆ ನೀರು ಮಂಜುಗಟ್ಟುತ್ತದೆ. ಮಳೆ ತಡೆಯುವ ಕ್ಯಾಮೆರಾ ಎಂಬ ಮಾತನ್ನೂ ಎಚ್ಚರಿಕೆಯಿಂದ ನಂಬಬೇಕು. ರಬ್ಬರ್ ಅಂಚು ತುಂತುರನ್ನು ತಡೆದೀತು, ಮುಳುಗಿಸಿದರೆ ತಡೆಯದು. ಲೆನ್ಸಿಗೂ ಅಂತಹ ಅಂಚು ಇಲ್ಲದಿದ್ದರೆ ಕ್ಯಾಮೆರಾದ ರಕ್ಷಣೆ ಅರ್ಧವೇ.

2018ರಲ್ಲಿ ನಿಕಾನ್, ಕೆನಾನ್ ಎರಡೂ ಕನ್ನಡಿಯಿಲ್ಲದ ದೊಡ್ಡ ಸೆನ್ಸರಿನ ಕ್ಯಾಮೆರಾಗಳತ್ತ ಹೊರಳಿದವು. 2020ರ ನಂತರ ಇವೆರಡರ ಅಗ್ರಶ್ರೇಣಿಯಲ್ಲಿ ಹೊಸ ಎಸ್‌ಎಲ್‌ಆರ್ ಬಂದಿಲ್ಲ. ಹೀಗಾಗಿ ಗಟ್ಟಿತನದ ಅರ್ಥ ಇನ್ನೊಮ್ಮೆ ಬದಲಾಗಿದೆ. ನಿಕಾನ್ ಎಫ್ ಬ್ಯಾಟರಿಯಿಲ್ಲದೆಯೂ ಚಿತ್ರ ತೆಗೆಯಬಲ್ಲದು. ಡಿಜಿಟಲ್ ಕ್ಯಾಮೆರಾ ಎಷ್ಟೇ ಬಲಿಷ್ಠವಾಗಿದ್ದರೂ ಬ್ಯಾಟರಿ, ಕಾರ್ಡು, ಬಿಡಿಭಾಗ ಸಿಗುವಷ್ಟು ದಿನ ಮಾತ್ರ ಅದರ ಉಸಿರು. ಊರೂರಿನ ಸ್ಟುಡಿಯೋಗಳಲ್ಲಿ ಈ ಕ್ಯಾಮೆರಾಗಳನ್ನೇ ನಂಬಿ ಹೊಟ್ಟೆ ಹೊರೆಯುವವರು ಇನ್ನೂ ಅನೇಕರಿದ್ದಾರೆ. ಗುಂಡು ತಡೆಯುವ ಕವಚ ಅವರಿಗೆ ಬೇಕಿಲ್ಲ. ಕೆಟ್ಟಾಗ ಬಿಡಿಭಾಗ ಸಿಗಬೇಕು, ರಿಪೇರಿ ಬಲ್ಲವರು ಹತ್ತಿರ ಇರಬೇಕು. ಉಳಿದದ್ದು ಅವರ ಕೈಯ ಜತನದಲ್ಲಿದೆ.